ಬಾರಿ ಗಿಡದ ಬುಡದ ಎರಡಾಣೆ

ಗಂಡನ ಬಿಳಿ ಕಾರು ತಿರುವಿನಲ್ಲಿ ಮರೆಯಾದ ಮೇಲೂ ದೇವಕ್ಕ ಬಾಗಿಲಲ್ಲೇ ನಿಂತಿದ್ದಳು. ಆತ ಏನಾದರೂ ಮರೆತು ತಿರುಗಿ ಬಂದರೆ ತಾನು ನಿಂತ ಜಾಗದಲ್ಲೇ ನಿಂತ ಸಂಭಾವಿತ ಹೆಂಡತಿಯಂತೆ ಕಾಣಬೇಕು, ಸ್ಟೋರ್ ರೂಮಿನ ಕತ್ತಲೆಯಲ್ಲಿ ಅಂಡು ಮೇಲೆ ಮಾಡಿ ಗೀಸರಿನ ಹಿಂದೆ ತಡಕಾಡುವವಳಂತೆ ಅಲ್ಲ. ಕಾರು ಬರಲಿಲ್ಲ. ಬಾಗಿಲು ಹಾಕಿದ ಕೂಡಲೇ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಅವಳಿಗೇ ನಾಚಿಕೆಯಾಯಿತು. ನಲವತ್ತು ದಾಟಿದ ಹೆಂಗಸು, ಇಂಜಿನಿಯರಿಂಗ್ ಓದುವ ಮಗಳ ತಾಯಿ, ಬೆಲ್ಲ ಕದಿಯಲು ಹೊರಟ ಹುಡುಗಿಯ ಹಾಗೆ ಕೈ ಒದ್ದೆಯಾಗಿತ್ತು. ಕಪಾಟಿನಲ್ಲಿ ಗಂಡ ಬಾಳಾಸಾಹೇಬನ ಇಸ್ತ್ರಿ ಅಂಗಿಗಳ ಕೆಳಗೆ ಅವಳ ವಿಮಾನದ ಟಿಕೀಟಿತ್ತು. ಬರುವ ಶನಿವಾರಕ್ಕೆ. ಬೆಳಗಾವಿಯಲ್ಲಿ ಮಗಳು ಸಾಕ್ಷಿ ಹಾಸ್ಟೆಲಿನ ಊಟ ಸೇರದೆ ಬಡಕಲಾಗಿದ್ದಾಳೆ, ಟಿಳಕವಾಡಿಯಲ್ಲಿ ಎರಡು ಕೋಣೆ ಹಿಡಿದು ನೀ ಅಲ್ಲೇ ಇದ್ದು ಅಡಿಗಿ ಮಾಡಿ ಹಾಕು, ಎಂದಿದ್ದ ಬಾಳಾಸಾಹೇಬ. ಅವಳು ಹೂಂ ಅಂದಿದ್ದಳು. ಯಾವ ತಾಯಿ ಊಹೂಂ ಅನ್ನುತ್ತಾಳೆ? ಅದೂ ಕುವೈತಿನ ಈ ಅಹ್ಮದಿಯ ಎಣ್ಣೆ ಕಂಪನಿ ಮನೆಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಪಾರ್ಶ್ವನಾಥನ ಫೋಟೋದ ಮುಂದೆ, ನನ್ನನ್ನ ಊರಿಗೆ ಕಳಸು, ಈ ಬೂದಿ ಬಣ್ಣದ ಆಕಾಶ ನೋಡಿ ನೋಡಿ ಕಣ್ಣು ಬೂದಿಯಾದವು ಎಂದು ಕೈಮುಗಿದವಳು. ಕೇಳಿದ್ದನ್ನು ದೇವರು ಕೊಟ್ಟಾಗ ಅದು ಬೇಡವಾಗಿತ್ತು. ಯಾಕೆ ಬೇಡ ಎಂದು ಯಾರಾದರೂ ಕೇಳಿದರೆ ಹೇಳಲು ಅವಳ ಬಳಿ ಇದ್ದ ಉತ್ತರ ಒಂದೇ. ಅದು ಬಾಯಲ್ಲಿ ಹೇಳುವಂಥದ್ದಲ್ಲ. ಅದು ಗೀಸರಿನ ಹಿಂದಿತ್ತು, ಬ್ಯಾಟರಿ ಹಾಕಿದರೆ ಕೂಗುತ್ತಿತ್ತು.

ಉದ್ದನೆಯ ಕೋಲು, ತುದಿಗೆ ತಾಟಿನಂಥ ಚಕ್ರ, ಹಿಡಿಯ ಹತ್ತಿರ ಮುಳ್ಳಾಡುವ ಪುಟ್ಟ ಡಬ್ಬಿ. ನೆಲದೊಳಗಿನ ಲೋಹ ಹುಡುಕುವ ಯಂತ್ರ. ಊರಿಗೆ ಮರಳುತ್ತಿದ್ದ ಒಬ್ಬ ಬಿಳಿಯನಿಂದ ಬಾಳಾಸಾಹೇಬ ಶುಕ್ರವಾರದ ಸಂತೆಯಲ್ಲಿ ಅದನ್ನು ಕೊಂಡು ತಂದಾಗ ಕಣ್ಣು ಹುಡುಗನಂತೆ ಹೊಳೆಯುತ್ತಿದ್ದವು. ಫಿಂತಾಸಿನ ಸಮುದ್ರದಂಡೆಗೆ ಎರಡು ಸಲ ಒಯ್ದ. ಎರಡನೆಯ ಸಲ ಅವನ ಆಫೀಸಿನವರೇ ಮಕ್ಕಳು ಮರಿ ಕಟ್ಟಿಕೊಂಡು ಪಿಕ್ನಿಕ್ಕಿಗೆ ಬಂದಿದ್ದರು. ಬಾಳಾಸಾಹೇಬ ಮೊಣಕಾಲೂರಿ ಒಂದು ಪೆಪ್ಸಿ ಮುಚ್ಚಳವನ್ನು ಮರಳಿನಿಂದ ಎತ್ತಿ ಹಿಡಿದದ್ದೂ, ಹಿಂದಿನಿಂದ ಯಾರೋ, "ಏನ್ ಸಾಹೇಬ್ರ, ಕಂಪನಿ ಪಗಾರ ಸಾಲಾಂಗಿಲ್ಲೇನ್ರಿ?" ಎಂದದ್ದೂ ಒಂದೇ ಹೊತ್ತಿಗೆ ಆಯಿತು. ಆತ ನಕ್ಕ. ಆದರೆ ಕಿವಿ ಕೆಂಪಾಗಿದ್ದನ್ನು ಚಾಪೆಯ ಮೇಲೆ ಕೂತು ಚುರುಮುರಿ ಕಲಸುತ್ತಿದ್ದ ದೇವಕ್ಕ ನೋಡಿದ್ದಳು. ಅಂದಿನಿಂದ ಯಂತ್ರ ಗೀಸರಿನ ಹಿಂದೆ ಸೇರಿತು. ಮೊದಲ ಬಾರಿ ಅವಳು ಅದನ್ನು ಎತ್ತಿಕೊಂಡದ್ದು ಕಸ ಗುಡಿಸಲು. ಗುಂಡಿ ಒತ್ತಿದ್ದು ಸುಮ್ಮನೆ. ಅದು ಅವಳ ಕೈಬಳೆಗೇ ಕುಂಯ್ ಎಂದು ಕೂಗಿದಾಗ ಹೆದರಿ ಕೆಳಗಿಟ್ಟವಳು, ಸ್ವಲ್ಪ ಹೊತ್ತಿಗೆ ಬಳೆ ಬಿಚ್ಚಿಟ್ಟು ಬಂದಿದ್ದಳು.

ಹಿತ್ತಿಲಲ್ಲಿ ಸಿಕ್ಕಿದ್ದು ಮೊಳೆ, ಚಮಚೆ, ಕೊಲ್ಲಿ ಯುದ್ಧ ಕಾಲದ ತೋಟಾಗಳ ಹಿತ್ತಾಳೆ ಕೊಳವೆ. ಆದರೆ ಸಿಕ್ಕ ವಸ್ತುವಲ್ಲ, ಅದಕ್ಕಿಂತ ಮೊದಲು ಬರುವ ದನಿ ಅವಳ ತಲೆ ಕೆಡಿಸಿತ್ತು. ಮುಚ್ಚಳ ಗೊರಕೆ ಹೊಡೆಯುತ್ತದೆ. ಡಬ್ಬಿಯ ತಗಡು ಕಿರುಚುತ್ತದೆ. ಮೊಳೆ ಬಿಕ್ಕುತ್ತದೆ. ಬೆಲೆಯುಳ್ಳದ್ದು ಮಾತ್ರ ದುಂಡಗೆ, ಸ್ವಚ್ಛವಾಗಿ ಹಾಡುತ್ತದಂತೆ. ಅದನ್ನು ಅವಳಿನ್ನೂ ಕೇಳಿರಲಿಲ್ಲ, ಆದರೂ ಕೇಳಿದರೆ ಗುರುತು ಹಿಡಿಯುವೆನೆಂದು ಖಾತ್ರಿಯಿತ್ತು. ಅಡಿಗೆ ಮಾಡುವಾಗ ಕುಕ್ಕರಿನ ಸೀಟಿಯೊಳಗೆ ಅದನ್ನು ಹುಡುಕುತ್ತಿದ್ದಳು. ಪಾಪದ ಲೆಕ್ಕವೂ ಜೊತೆಗೇ ನಡೆದಿತ್ತು. ನೆಲ ಅಗೆಯಬಾರದು, ಒಳಗೆ ಜೀವಗಳಿರುತ್ತವೆ, ಎಂದು ಅವಳ ಅಜ್ಜಿ ಅಂಗಳದಲ್ಲಿ ತುಳಸಿ ನೆಡಲೂ ಬಿಡುತ್ತಿರಲಿಲ್ಲ. ದೇವಕ್ಕ ಸಲಿಕೆ ಮುಟ್ಟಲಿಲ್ಲ, ಹಳೆಯ ಸೌಟಿನಿಂದ ಮಣ್ಣು ಸರಿಸುತ್ತಿದ್ದಳು, ಸರಿಸುವ ಮುಂಚೆ ಣಮೋಕಾರ ಮಂತ್ರ ಹೇಳುತ್ತಿದ್ದಳು, ಇರುವೆ ಕಂಡರೆ ಅದು ದಾಟಿ ಹೋಗಲೆಂದು ಕಾಯುತ್ತಿದ್ದಳು. ಜೈನರ ಮನೆಯಲ್ಲಿ ಹುಟ್ಟಿ ಜನ್ಮದಲ್ಲಿ ನೆಲದೊಳಗಿನ ಉಳ್ಳಾಗಡ್ಡಿ, ಬಟಾಟಿ ತಿನ್ನದವಳು ನೆಲದೊಳಗಿನ ರೊಕ್ಕ ತೆಗೆಯಲು ಹೊರಟಿದ್ದೇನಲ್ಲ ಎಂದು ಒಮ್ಮೆ ಹೊಳೆದು ಒಬ್ಬಳೇ ಎಷ್ಟು ನಕ್ಕಿದ್ದಳೆಂದರೆ ಪಕ್ಕದ ಮನೆಯ ಹೆಂಗಸು ಗೋಡೆಯ ಮೇಲಿಂದ ಇಣುಕಿದ್ದಳು.

ಈ ದಿನ ಹಿತ್ತಿಲಲ್ಲ. ಬೀದಿಯ ಕೊನೆಯಲ್ಲಿ ಎಷ್ಟೋ ಕಾಲದಿಂದ ಖಾಲಿ ಬಿದ್ದ ಕಂಪನಿಯ ಹಳೇ ಬಂಗಲೆಯಿತ್ತು, ಮುರಿದ ಬೇಲಿ, ಹಿಂದೆ ದೊಡ್ಡದೊಂದು ಬಾರಿ ಗಿಡ. ಎಲಚಿ ಹಣ್ಣಿನ ಗಿಡ; ಇಲ್ಲಿಯವರು ಅದನ್ನು ಸಿದ್ರ ಅಂತಾರೆ. ಚಿಕ್ಕೋಡಿಯ ಶಾಲೆಯ ಹಿಂದಿನ ಗಿಡದಲ್ಲಿ ಹಣ್ಣು ಆಯ್ದು ಲಂಗದಲ್ಲಿ ತುಂಬಿಕೊಂಡ ನೆನಪು ಅವಳನ್ನು ಮೊದಲ ಬಾರಿ ಆ ಬೇಲಿಯ ತನಕ ತಂದಿತ್ತು. ಗಿಡದ ಬುಡದಲ್ಲಿ ನೆರಳಿದ್ದರೆ ಜನ ಕೂತಿರುತ್ತಾರೆ, ಕೂತವರ ಕಿಸೆಯಿಂದ ಏನಾದರೂ ಬಿದ್ದಿರುತ್ತದೆ. ಈ ತರ್ಕ ಹೊಳೆದದ್ದು ರಾತ್ರಿ ಗಂಡ ಟಿಳಕವಾಡಿಯ ಬಾಡಿಗೆ ಮನೆಯ ಬಗ್ಗೆ ಹೇಳುತ್ತಿದ್ದಾಗ. ಅವಳು ತಲೆಯಾಡಿಸಿದ್ದು ಈ ತರ್ಕಕ್ಕೆ. ಯಂತ್ರವನ್ನು ಹಳೆಯ ಚಾದರಿನಲ್ಲಿ ಸುತ್ತಿ, ಸವೆದ ನೂಲಿನ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಫೆಬ್ರವರಿಯ ಎಳೆ ಬಿಸಿಲಿನಲ್ಲಿ ಅವಳು ಬೀದಿಗುಂಟ ನಡೆದಳು. ರಾಷ್ಟ್ರದಿನಕ್ಕೆಂದು ಕಂಬಕಂಬಕ್ಕೂ ಕಟ್ಟಿದ್ದ ಬಣ್ಣದ ಬಲ್ಬುಗಳು ಹಗಲಲ್ಲೂ ಉರಿಯುತ್ತಿದ್ದವು. ಆರಿಸುವುದನ್ನು ಮರೆತಿದ್ದಾರೆ ಅಂದುಕೊಂಡಳು. ಆಮೇಲೆ, ನನಗೇ ಇರಬೇಕು, ಅಂದುಕೊಂಡು ಬಾಯಿಗೆ ಸೆರಗು ಒತ್ತಿ ಹಿಡಿದಳು.

ಮುಚ್ಚಳ ಗೊರಕೆ ಹೊಡೆಯಿತು. ತಗಡು ಕಿರುಚಿತು. ಹಣ್ಣು ಬಿದ್ದು ಕೊಳೆತ ಸಿಹಿ ವಾಸನೆಯ ನಡುವೆ ಬೇರು ಎರಡಾಗಿ ಕವಲೊಡೆದ ಕಡೆ ಚಕ್ರ ತಂದಾಗ ಅದು ಹಾಡಿತು. ದುಂಡಗೆ, ಕಂಚಿನ ತಟ್ಟೆಗೆ ಬೆರಳು ತಾಗಿದಂತೆ. ದೇವಕ್ಕ ಚಕ್ರವನ್ನು ಆಚೆ ಸರಿಸಿದಳು, ಸುಮ್ಮನಾಯಿತು. ಈಚೆ ತಂದಳು, ಹಾಡಿತು. ಹೀಗೆಯೇ ಎಷ್ಟೋ ಸಲ ಮಾಡಿದಳು, ಅಗೆದರೆ ಮುಗಿದುಹೋಗುತ್ತದೆಂಬ ಹೆದರಿಕೆಯಿಂದ. ಸೌಟಿಗೆ ಮೊದಲು ಬಂದದ್ದು ಮಣ್ಣಿನ ಹೆಂಟೆ. ಹೆಂಟೆಯನ್ನು ಬೆರಳಲ್ಲಿ ಒಡೆದಾಗ ಒಳಗೆ ಚೌಕಾಕಾರದ ನಾಣ್ಯ, ಮೂಲೆಗಳು ಮಗುವಿನ ಗಲ್ಲದಂತೆ ದುಂಡಗೆ. ಉಗುಳು ಹಚ್ಚಿ ಸೆರಗಿನಲ್ಲಿ ತಿಕ್ಕಿದಳು. ಒಂದು ಮಗ್ಗುಲಲ್ಲಿ ಕಿರೀಟದ ರಾಜ. ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷಿನಲ್ಲಿ ಇಂಡಿಯಾ ಎಂದಿತ್ತು, ಎರಡಾಣೆ ಎಂದಿತ್ತು. ಅಕ್ಷರವನ್ನು ಅವಳು ಒಂದೊಂದಾಗಿ, ಒಂದನೇ ಇಯತ್ತೆಯ ಹುಡುಗಿಯ ಹಾಗೆ ಗಟ್ಟಿಯಾಗಿ ಓದಿದಳು. ಕುವೈತಿನ ನೆಲದಲ್ಲಿ, ಎಣ್ಣೆಯ ಮೇಲೆ, ಬಾರಿ ಗಿಡದ ಬುಡದಲ್ಲಿ, ತನ್ನ ದೇಶದ ಹೆಸರು. ಇಷ್ಟು ವರ್ಷ ಇಕಾಮಾ ಎಂಬ ವಾಸದ ಪರವಾನಗಿಯ ಕಾಗದದಲ್ಲಿ ಗಂಡನ ಹೆಸರಿನ ಕೆಳಗಿನ ಒಂದು ಸಾಲಾಗಿ ಈ ಊರಿನಲ್ಲಿದ್ದವಳಿಗೆ, ತನಗಿಂತ ಮೊದಲೇ ಯಾರೋ ತನ್ನ ಕಡೆಯವನು ಇಲ್ಲಿ ಬಂದು, ಕೂತು, ಹಣ್ಣು ತಿಂದು, ರೊಕ್ಕ ಕಳಕೊಂಡು, ತಿರುಗಿ ತಿರುಗಿ ಹುಡುಕಿ, ಬೈದುಕೊಂಡು ಹೋದದ್ದು ಕಣ್ಣಿಗೆ ಕಟ್ಟಿತು. "ಸಿಕ್ತೋ ಯಪ್ಪಾ!" ಎಂದು ಅವಳು ಆ ಗುರುತಿಲ್ಲದ ಮನುಷ್ಯನಿಗೆ ಕೂಗಿ ಹೇಳಿದಳು. ಆಮೇಲೆ ತಡೆ ಇರಲಿಲ್ಲ. ಅಂಚು ಅಲೆಯಲೆಯಾಗಿದ್ದ ಒಂದಾಣೆ ಸಿಕ್ಕಿತು. ಇನ್ನೊಂದು ಒಂದಾಣೆ ಸಿಕ್ಕಿತು. ಬೇರಿನ ಅಡಿಯಿಂದ ಹಿತ್ತಾಳೆಯ ಬಿಲ್ಲೆ ಬಂತು, ಮೇಲೆ ತೂತು, ನಡುವೆ ಒರಟಾಗಿ ಬಡಿದ ಅಂಕಿಗಳು. ಊಟದ ಟೋಕನ್ನೋ, ಕೆಲಸಗಾರನ ಕೊರಳಿಗೆ ಕಟ್ಟಿದ್ದೋ. ಅವಳು ನಾಲ್ಕನ್ನೂ ಅಂಗೈಯಲ್ಲಿ ಕುಲುಕಿ ಗಲಗಲ ಮಾಡಿದಳು. ಯಾರೂ ಇರಲಿಲ್ಲವಾಗಿ ಗಿಡದ ಸುತ್ತ ಒಂದು ಸುತ್ತು ಕುಣಿದಳು. ಎರಡನೆಯ ಸುತ್ತಿನಲ್ಲಿ ಬೇಲಿಯ ಬಳಿ ಕಂಪನಿಯ ಸೆಕ್ಯೂರಿಟಿ ಜೀಪು ನಿಂತಿದ್ದು ಕಂಡಿತು.

ಸಮವಸ್ತ್ರದ ದಪ್ಪ ಮೀಸೆಯ ಅಧಿಕಾರಿ ಇಳಿದು ಬಂದ. ಅವಳ ಮಣ್ಣಾದ ಸೀರೆ, ಬಳೆಯಿಲ್ಲದ ಕೈ, ಸೌಟು ಎಲ್ಲವನ್ನೂ ನೋಡಿದ. ಬೈಯಲಿಲ್ಲ. ಕಳೆದುಹೋದ ಕುರಿಯನ್ನು ವಿಚಾರಿಸುವಂತೆ ಕೇಳಿದ: "ವೇನ್ ಮದಾಮ್?"

ಮದಾಮ್ ಎಲ್ಲಿ? ನಿನ್ನನ್ನು ಕೆಲಸಕ್ಕಿಟ್ಟುಕೊಂಡ ಒಡತಿ ಎಲ್ಲಿ? ಈ ಪ್ರಶ್ನೆ ಅವಳಿಗೆ ಹೊಸದಲ್ಲ. ಒಮ್ಮೆ ಸಾಲ್ಮಿಯಾದ ಅಂಗಡಿಯಲ್ಲಿ ಇದೇ ಪ್ರಶ್ನೆಗೆ ತಲೆ ತಗ್ಗಿಸಿ, ಹೊರಗೆ ಬಂದು ಕಾರಿನಲ್ಲಿ ಅತ್ತು, ಅಂದಿನಿಂದ ಹೊರಗೆ ಹೋಗುವಾಗಲೆಲ್ಲ ರೇಷ್ಮೆ ಸೀರೆ, ಮಂಗಳಸೂತ್ರ ಮೇಲೆ ಕಾಣುವಂತೆ ಉಟ್ಟು ತೊಟ್ಟು ಬೆವರಿದ್ದಳು. ಈಗ ಮುಷ್ಟಿಯೊಳಗೆ ಎರಡಾಣೆ ಬೆಚ್ಚಗಿತ್ತು. ಒಳಗಿನಿಂದ ನಗೆ ಬುಗ್ಗೆಯಂತೆ ಎದ್ದು ಬರುತ್ತಿತ್ತು. ಸೌಟಿನಿಂದ ತನ್ನ ಎದೆಯನ್ನೇ ತೋರಿಸಿ ಅವಳು ತನಗೆ ಗೊತ್ತಿದ್ದ ಅರಬ್ಬಿಯನ್ನೆಲ್ಲ ಒಟ್ಟು ಮಾಡಿ ಹೇಳಿದಳು: "ಅನಾ! ಅನಾ ಮದಾಮ್!"

ಜೀಪಿನ ಡ್ರೈವರು ಪಕ್ಕನೆ ನಕ್ಕುಬಿಟ್ಟ. ಅಧಿಕಾರಿ ತಿರುಗಿ ನೋಡಿದಾಗ ಕೆಮ್ಮಿದ. ಹತ್ತಿರ ಬಂದು ಅವಳನ್ನೂ ಯಂತ್ರವನ್ನೂ ನೋಡಿ ಹಿಂದಿಯಲ್ಲಿ ಊರು ಕೇಳಿದ. ಅವಳು ಚಿಕ್ಕೋಡಿ ಅಂದದ್ದೇ ಅವನ ಮುಖ ಅರಳಿತು. "ಕನ್ನಡವಾ ಅಕ್ಕ? ನನ್ನದು ಉಳ್ಳಾಲ. ಅಬ್ದುಲ್ ನಾಸಿರ್ ಅಂತ. ಎಂತ ಅಕ್ಕ ಇದು? ಈ ಮೆಶೀನ್ ಹಿಡಿದುಕೊಂಡು ಕಂಪನಿ ಜಾಗದಲ್ಲಿ ಅಗೆಯುವುದುಂಟಾ? ಯುದ್ಧದ್ದು ಏನಾದ್ರೂ ಒಳಗೆ ಉಳಿದಿದ್ರೆ? ಡಮ್ ಅಂದ್ರೆ ನೀವು ಸೀದಾ ಚಿಕ್ಕೋಡಿಗೆ."

"ಹೆಂಗೂ ಶನಿವಾರ ಹೊಂಟೇನಪ್ಪಾ," ಅಂದಳು ದೇವಕ್ಕ, ಮತ್ತೆ ಆ ಮಾತಿಗೂ ನಕ್ಕಳು. ನಗುತ್ತಲೇ ಅದು ತಮಾಷೆಯಲ್ಲ ಎಂದು ಗೊತ್ತಾಗಿ ಕಣ್ಣು ತುಂಬಿತು. ಅಬ್ದುಲ್ ನಾಸಿರ್ ಗಾಬರಿಯಾದ. "ಹೆದರಬೇಡಿ ಅಕ್ಕ, ಎಂತದೂ ಆಗ್ಲಿಕ್ಕಿಲ್ಲ. ಯಜಮಾನರು ಎಲ್ಲಿ ಕೆಲಸ? ನಿಮ್ಮನ್ನು ಅವರ ಹತ್ತಿರ ಬಿಟ್ಟು ಸಹಿ ಹಾಕಿಸಿಕೊಳ್ಳಬೇಕಂತೆ ಈ ಆಫೀಸರಿಗೆ."

ಜೀಪಿನ ಹಿಂದಿನ ಸೀಟಿನಲ್ಲಿ ಯಂತ್ರವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವಳಿಗೆ ಹೆದರಿಕೆಯಾಗಬೇಕಿತ್ತು. ಗಂಡನ ಕೆಂಪು ಕಿವಿಗಳನ್ನು ಅವಳು ನೆನೆಸಿಕೊಂಡಳು. ನೆನೆಸಿಕೊಂಡರೂ ಹೆದರಿಕೆ ಬರಲಿಲ್ಲ. ಅಹ್ಮದಿಯ ಬೀದಿಗಳನ್ನು ಅವಳು ಕಾರಿನ ಮುಚ್ಚಿದ ಗಾಜಿನೊಳಗಿಂದಷ್ಟೇ ನೋಡಿದ್ದವಳು. ಜೀಪಿಗೆ ಗಾಜಿರಲಿಲ್ಲ. ಗಾಳಿ ಕಿವಿಯಲ್ಲಿ ಹೊಕ್ಕು ಕೂದಲು ಕೆದರಿತು. ರಸ್ತೆಯ ಪಕ್ಕದ ಪ್ರತಿ ಗಿಡದ ಬುಡವೂ, ಹುಲ್ಲಿನ ಪ್ರತಿ ತುಂಡೂ, ಹಳೆಯ ಸಿನೆಮಾ ಮನೆಯ ಮುಂದಿನ ಬಯಲೂ ಈಗ ಅವಳಿಗೆ ಕೆಳಗಿನಿಂದ ಹಾಡುತ್ತಿರುವಂತೆ ಕೇಳಿಸಿತು. ಎಷ್ಟು ಜನ ನಡೆದಿರಬೇಕು, ಎಷ್ಟು ಕಿಸೆಗಳು ತೂತಾಗಿರಬೇಕು. ನಾ ಇನ್ನ ಏನೂ ನೋಡೇ ಇಲ್ಲಲ್ಲ, ಅಂದುಕೊಂಡಳು. ಮರುಕ್ಷಣ ಬಡಕಲಾದ ಸಾಕ್ಷಿಯ ಮೋರೆ ಎದುರಿಗೆ ಬಂದು, ಇಂಥ ತಾಯಿ ಇರತಾಳೇನು, ಮಗಳ ಹೊಟ್ಟೆಗಿಂತ ಆಕಿಗೆ ಹಳೇ ರೊಕ್ಕ ಹೆಚ್ಚಾತು ಎಂದು ಅಜ್ಜಿಯ ದನಿಯಲ್ಲಿ ಹೇಳಿತು. ಜೀಪು ಉಬ್ಬಿಗೆ ಹಾರಿದಾಗ ಯಂತ್ರದ ಗುಂಡಿ ಅದುಮಿಹೋಗಿ ಅದು ಜೀಪಿನ ಕಬ್ಬಿಣಕ್ಕೆಲ್ಲ ಕೂಗತೊಡಗಿತು. ಆರಿಸಲು ಹೋದವಳಿಗೆ ಗುಂಡಿ ಸಿಗಲಿಲ್ಲ. ಮೀಸೆಯ ಅಧಿಕಾರಿ ಕಿವಿ ಮುಚ್ಚಿಕೊಂಡ. ಹಾಗೆ ಕೂಗುತ್ತಲೇ ಅವರು ಬಾಳಾಸಾಹೇಬನ ಆಫೀಸಿನ ಅಂಗಳ ಸೇರಿದರು.

ಕಿಟಕಿಗಳಲ್ಲಿ ತಲೆಗಳು ಮೂಡಿದವು. ಬಾಳಾಸಾಹೇಬ ಓಡಿ ಬಂದ, ಕೈಯಲ್ಲಿ ಪೆನ್ನು, ಮುಖ ಸುಣ್ಣ. ಹೆಂಡತಿಗೆ ಏನೋ ಅಪಘಾತವಾಗಿದೆ ಎಂದೇ ತಿಳಿದಿದ್ದ. ಅವಳು ಸರಿಯಾಗಿದ್ದಾಳೆಂದು ಕಂಡ ಮೇಲೆ ಸುಣ್ಣದ ಮೇಲೆ ಕೆಂಪು ಏರಿತು. "ಏನ ಮಾಡಾಕತ್ತಿದ್ದಿ? ಏನ ವೇಷ ಇದು?" ಎಂದು ಹಲ್ಲಿನ ಸಂದಿಯಲ್ಲಿ ಕೇಳಿದ. ಅವಳು ಮುಷ್ಟಿ ಬಿಚ್ಚಿದಳು. "ರೀ, ನೋಡ್ರಿ! ಎರಡಾಣೆ!" ಆತ ನೋಡಲಿಲ್ಲ. ಅವಳ ಹಿಂದೆ ಯಾರೋ ಬಂದು ನಿಂತದ್ದನ್ನು ನೋಡುತ್ತಿದ್ದ. ಬಂದವನು ಅವನ ಮೇಲಧಿಕಾರಿ, ಸಾಲೆಮನ ತಂದೆಯೆಂದು ಎಲ್ಲರೂ ಬು ಸಾಲೆಮ್ ಅನ್ನುತ್ತಿದ್ದ ಮುದುಕ ಕುವೈತಿ, ಬೆಳ್ಳನೆಯ ನಿಲುವಂಗಿ, ಕೈಯಲ್ಲಿ ಜಪಮಣಿ. ಅವನು ಅವಳ ಅಂಗೈಯ ಮೇಲೆ ಬಗ್ಗಿದ. ಕನ್ನಡಕ ಹಣೆಗೇರಿಸಿದ. ಆಮೇಲೆ, ಇಡೀ ಆಫೀಸು ಕೇಳುವಂತೆ, "ಆನಾ!" ಎಂದ. "ದೋ ಆನಾ! ವಲ್ಲಾಹ್, ಏ ಕಹಾಂ ಮಿಲಾ?"

ಅವನ ಹಿಂದಿ ಅವಳದಕ್ಕಿಂತ ಚೆನ್ನಾಗಿತ್ತು. ಅವನಪ್ಪ ಹಡಗಿನಲ್ಲಿ ಬೊಂಬಾಯಿಗೆ ಖರ್ಜೂರ ಒಯ್ಯುತ್ತಿದ್ದವನಂತೆ. ದೀನಾರು ಬರುವ ಮುಂಚೆ ಇಲ್ಲಿ ನಡೆಯುತ್ತಿದ್ದದ್ದು ಇದೇ ರೂಪಾಯಿ, ಇದೇ ಆಣೆ. ಶಾಲೆಗೆ ಹೋಗುವಾಗ ಅವ್ವ ತನಗೆ ಕೊಡುತ್ತಿದ್ದದ್ದು ಇದೇ ಚೌಕ ನಾಣ್ಯ, ಎಂದು ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. "ಏ ಹಮಾರಾ ಪೈಸಾ ಹೈ," ಎಂದ.

"ನಹೀ, ಹಮಾರಾ," ಅಂದಳು ದೇವಕ್ಕ. "ನೋಡ್ರಿ, ಇಂಡಿಯಾ ಅಂತ ಬರದೈತಿ."

"ಹಮಾರಾ!"

"ಹಮಾರಾ!"

ಬಾಳಾಸಾಹೇಬ ಕಣ್ಣು ಮುಚ್ಚಿಕೊಂಡ. ತನ್ನ ಬೋನಸ್ಸು, ಬಡ್ತಿ, ಮನೆ, ಎಲ್ಲವೂ ಈ ಎರಡು ಹಮಾರಾಗಳ ನಡುವೆ ಪುಡಿಯಾಗುತ್ತಿರುವುದನ್ನು ಅವನು ನೋಡಲಾರದವನಾಗಿದ್ದ. ಬು ಸಾಲೆಮ್ ನಾಣ್ಯ ತಿರುಗಿಸಿ ಕಿರೀಟದವನನ್ನು ತೋರಿಸಿ, ಇವನು ಮಾತ್ರ ಇಬ್ಬರವನೂ ಅಲ್ಲ, ಎಂದು ಹೊಟ್ಟೆ ಅಲುಗಿಸಿ ನಕ್ಕ. ದೇವಕ್ಕನೂ ನಕ್ಕಳು. ಹಿತ್ತಾಳೆ ಬಿಲ್ಲೆಯನ್ನು ಅವನು ಇಟ್ಟುಕೊಂಡ. ಅದು ಕಂಪನಿಯದು, ಯಾರದೆಂದು ವಿಚಾರಿಸುತ್ತೇನೆ ಎಂದ. ನಾಣ್ಯಗಳನ್ನು ಅವಳ ಅಂಗೈಗೆ ಮರಳಿ ಸುರಿದ. ಖಾಲಿ ಬಂಗಲೆಗೆ ಇನ್ನು ಹೋಗಕೂಡದು, ಸಿಡಿಯುವಂಥದ್ದು ಏನಿದ್ದರೂ ಇರಬಹುದು, ಖಲಾಸ್, ಎಂದು ಗದರಿಸಿದ. ಆಮೇಲೆ ದನಿ ತಗ್ಗಿಸಿದ. ಫಹಾಹೀಲಿನಲ್ಲಿ ತನ್ನಪ್ಪನ ಹಳೇ ಮನೆಯ ಅಂಗಳವಿದೆ, ಬರುವ ತಿಂಗಳು ಕೆಡವುತ್ತಾರೆ, ಅದಕ್ಕೆ ಮೊದಲು ಒಂದು ಗುರುವಾರ ಈ ಮೆಶೀನು ತಂದು ನೋಡಬಹುದೇ? ತನ್ನ ಹೆಂಡತಿಯೂ ಬರುತ್ತಾಳೆ, ಚಹಾ ತರುತ್ತಾಳೆ.

"ಸರ್, ಇಲ್ಲ ಸರ್," ಬಾಳಾಸಾಹೇಬ ಎಚ್ಚೆತ್ತು ಇಂಗ್ಲಿಷಿನಲ್ಲಿ ಅವಸರವಸರವಾಗಿ ಹೇಳಿದ. ಈಕೆಯಿಂದ ಇನ್ನು ತೊಂದರೆ ಆಗುವುದಿಲ್ಲ, ಶನಿವಾರ ಈಕೆ ಇಂಡಿಯಾಕ್ಕೆ ಹೋಗುತ್ತಾಳೆ, ಕಾಯಂ ಆಗಿ.

ಕಾಯಂ ಆಗಿ ಎಂಬುದನ್ನು ಅವನು 'ಪರ್ಮನೆಂಟ್' ಅಂದಿದ್ದ. ಆ ಶಬ್ದ ಅವಳಿಗೆ ಗೊತ್ತಿತ್ತು. ಕೂದಲ ಬಣ್ಣದ ಡಬ್ಬಿಯ ಮೇಲೆ ಇರುತ್ತಿತ್ತು. "ನಾ ಹೋಗಾಂಗಿಲ್ಲ," ಅಂದಳು. ದನಿ ತನ್ನದೇ ಹೌದೋ ಎಂದು ಒಂದು ಗಳಿಗೆ ಕಾದು ನೋಡಿದಳು. ತನ್ನದೇ. ಮುದುಕನಿಗೆ ತಿಳಿಯಲೆಂದು ಮತ್ತೆ ಹೇಳಿದಳು: "ಲಾ. ಮೈ ನಹೀ ಜಾತಿ. ಗುರುವಾರ ಬರತೇನಿ." ಕಿಟಕಿಗಳಲ್ಲಿದ್ದ ತಲೆಗಳಲ್ಲಿ ಒಂದು ಸೀಟಿ ಹೊಡೆಯಿತು. ಜೀಪಿಗೊರಗಿ ನಿಂತಿದ್ದ ಅಬ್ದುಲ್ ನಾಸಿರ್ ಆಕಾಶ ನೋಡತೊಡಗಿದ.

ಬು ಸಾಲೆಮ್ ಅರ್ಧ ದಿನದ ರಜೆ ಕೊಟ್ಟು ಕಳಿಸಿದ. ಕಾರಿನಲ್ಲಿ ಬಾಳಾಸಾಹೇಬ ಮನೆಯ ತಿರುವು ದಾಟಿ ಮುಂದೆ ಹೋದ, ಮತ್ತೆ ತಿರುಗಿಸಿದ, ಮತ್ತೆ ದಾಟಿ ಹೋದ. "ಮಂದಿ ಮುಂದ ನನ್ನ ಮರ್ಯಾದಿ ತಗದಿ," ಅಂದ. ಹೌದು, ಅಂದಳು ದೇವಕ್ಕ. "ಅದು ತಪ್ಪಾತು. ಮನ್ಯಾಗ ಹೇಳಬೇಕಾಗಿತ್ತು." "ಹೋಗಾಂಗಿಲ್ಲ ಅಂದ್ರ ಏನರ್ಥ? ಆ ಹುಡುಗಿ ಉಪಾಸ ಬೀಳಬೇಕೇನು? ಆಕಿಗೇನ ಹೇಳ್ಲಿ? ನಿಮ್ಮವ್ವ ಮಣ್ಣಾಗ ಆಡಾಕತ್ತಾಳ, ಬರಾಂಗಿಲ್ಲ ಅಂತ ಹೇಳ್ಲಿ?" ಅವಳ ನಗೆ ಬತ್ತಿಹೋಯಿತು. ಮಣ್ಣಾಗಿದ್ದ ಉಗುರುಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಳು. "ನಾನ ಹೇಳತೇನಿ," ಅಂದಳು ಕಡೆಗೆ. "ಆಕಿ ಅತ್ಲಂದ್ರ ಶನಿವಾರ ಹೋಗತೇನಿ. ಆದರ ಒಂದು ಕೇಳ್ಲೇನು? ನಾ ಹೋದ್ರ ನಿಮಗ ಏನೂ ಅನಸೂದಿಲ್ಲೇನು?" ಆತ ಗೇರು ಬದಲಿಸಿದ.

ಸಂಜೆ, ಹೊತ್ತು ಮುಳುಗುವ ಮುಂಚಿನ ಊಟ ಇಬ್ಬರಿಗೂ ಸೇರಲಿಲ್ಲ. ದೇವಕ್ಕ ಹಾಸ್ಟೆಲಿಗೆ ಫೋನು ಹಚ್ಚಿದಳು. ಯಾರೋ ಸಾಕ್ಷಿಯನ್ನು ಕರೆಯಲು ಹೋದರು. ತಂತಿಯಾಚೆ ಹುಡುಗಿಯರ ಕೇಕೆ, ಬಕೆಟ್ಟಿನ ಸದ್ದು, ಯಾವುದೋ ರೇಡಿಯೋ. ಬಾಳಾಸಾಹೇಬ ಎದುರಿಗೆ ಕೈಕಟ್ಟಿ ನಿಂತಿದ್ದ, ತೀರ್ಪು ಕೇಳಲು ಬಂದವನ ಹಾಗೆ. ಅವಳು ಹೇಳಬೇಕೆಂದಿದ್ದನ್ನೆಲ್ಲ ಜೋಡಿಸಿಕೊಂಡಿದ್ದಳು: ಸಿಟ್ಟಾಗಬ್ಯಾಡ, ನಿನ್ನ ಮ್ಯಾಲಿನ ಮಾಯೆ ಕಡಿಮಿ ಆಗಿಲ್ಲ, ರಜಾಕ್ಕ ಬಂದು ಹೋಳಿಗಿ ಮಾಡಿ ಹಾಕತೇನಿ. "ಹಲೋ ಮಮ್ಮೀ?" ಎಂಬ ದನಿ ಬಂದದ್ದೇ ಜೋಡಿಸಿದ್ದೆಲ್ಲ ಚೆಲ್ಲಿಹೋಯಿತು. "ಸಾಕ್ಷಿ, ನಾ ಬರಾಂಗಿಲ್ಲ," ಎಂದಷ್ಟೇ ಅಂದಳು.

"ರಿಯಲಿ? ಮಮ್ಮೀ, ಆರ್ ಯೂ ಶೂರ್?"

"ಹೂಂ ವ್ವಾ."

"ಓ ಥ್ಯಾಂಕ್ ಗಾಡ್!" ಎಂದಳು ಸಾಕ್ಷಿ. ಆ ಉಸಿರಿನಲ್ಲಿ ಎಷ್ಟು ಬಯಲಾದ ಸಂತೋಷವಿತ್ತೆಂದರೆ ಕಡಲು ದಾಟಿ ಬಂದು ದೇವಕ್ಕನ ಕಿವಿ ಬಿಸಿಯಾಯಿತು. "ನೋ, ಐ ಮೀನ್... ಮಮ್ಮೀ, ಐ ಲವ್ ಯೂ, ಬಟ್ ನಂದೂ ಒಂದು ಗ್ಯಾಂಗ್ ಆಗೇದಿಲ್ಲಿ. ಹೌ ಟು ಟೆಲ್ ಅಂತ ಗೊತ್ತಾಗದ ನಾನು ನಿದ್ದೀನ ಮಾಡಿಲ್ಲ. ಅದಕ್ಕ ತೆಳ್ಳಗಾಗೇನಿ! ಪ್ಲೀಸ್ ಡೋಂಟ್ ಕಮ್, ಓಕೆ?"

ಫೋನು ಇಟ್ಟ ಮೇಲೆ ದೇವಕ್ಕ ಇದ್ದಲ್ಲೇ ಕೆಳಗೆ ಕೂತಳು. ಬರುವುದು ಅಳುವೋ ನಗೆಯೋ, ಬಾಯಿಗೆ ಬರುವವರೆಗೆ ಗೊತ್ತಾಗುವಂತಿರಲಿಲ್ಲ.

"ಏನಂದ್ಲು?" ಬಾಳಾಸಾಹೇಬ ಕೇಳಿದ.

"ಬ್ಯಾಡಂದ್ಲು."

"ಏನ ಬ್ಯಾಡ?"

"ನಾ! ನಾ ಬ್ಯಾಡಂತ!" ಎಂದಳು. ನಗೆ ಕಟ್ಟೆಯೊಡೆಯಿತು. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ತಲೆ ಆನಿಸಿ, ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿರಲು ನಕ್ಕಳು. ಒಂದು ಮಾತಿನಲ್ಲಿ ತಾನು ಬಿಡುಗಡೆಯಾದದ್ದಕ್ಕೆ ನಕ್ಕಳು, ಅದೇ ಮಾತು ಎಲ್ಲೋ ಮುಳ್ಳಿನಂತೆ ನಟ್ಟದ್ದಕ್ಕೂ ನಕ್ಕಳು. ಬಾಳಾಸಾಹೇಬ ಹೆದರಿ ನೀರು ತಂದ. ಅವಳು ಕುಡಿಯಲಿಲ್ಲ. ಲೋಟ ಹಿಡಿದು ನಿಂತವನು ಪಕ್ಕಕ್ಕೆ ತಿರುಗಿ, ಆಫೀಸಿನಲ್ಲಿ ಮೀಟರಿನ ಅಂಕಿ ಓದುವ ದನಿಯಲ್ಲಿ, "ನನಗ ನೀ ಬೇಕು," ಎಂದ.

ನಗೆ ಥಟ್ಟನೆ ನಿಂತಿತು. "ಏನಂದ್ರಿ?"

"ಏನಿಲ್ಲ," ಎಂದ ಬಾಳಾಸಾಹೇಬ. ಕಿವಿ ಕೆಂಪಾಗಿದ್ದವು. "ಹಾಲು ಉಕ್ಕಾಕತ್ತೈತಿ ಅಂದೆ." ಅಡಿಗೆಮನೆಗೆ ಬಿರಬಿರ ನಡೆದ. ಒಲೆಯ ಮೇಲೆ ಹಾಲೇ ಇರಲಿಲ್ಲ.